ಹಳೆಯ ಮೋಟಾರಿನ ಸ್ಟಾರ್ಟರ್: ಬದಲಿಸುವ ಮುನ್ನ ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಬಗೆ

ತೆರೆದ ಬಾವಿಯ ಪಂಪ್‌ಹೌಸುಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ, ಎಣ್ಣೆ ಮಿಲ್ಲುಗಳಲ್ಲಿ ನಲವತ್ತು ಐವತ್ತು ವರ್ಷ ದಾಟಿದ ತ್ರೀಫೇಸ್ ಮೋಟಾರುಗಳು ಇಂದಿಗೂ ದುಡಿಯುತ್ತಿವೆ. 1946ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯದೋ, ಜರ್ಮನಿಯ ಎಇಜಿ ಸಹಯೋಗದಲ್ಲಿ ಬೈಯಪ್ಪನಹಳ್ಳಿಯಲ್ಲಿ ನಡೆಯುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆಯದೋ ಫಲಕ ಹೊತ್ತ ಬೀಡುಕಬ್ಬಿಣದ ಮೋಟಾರು ನಿಮ್ಮಲ್ಲಿದ್ದರೆ, ಅದನ್ನು ಗುಜರಿಗೆ ಹಾಕುವ ಅವಸರ ಬೇಡ. ಮೋಟಾರು ಗಟ್ಟಿಯಾಗಿಯೇ ಇದ್ದು, ಅದರ ಪಕ್ಕದ ಗೋಡೆಯಲ್ಲಿದ್ದು ಅದನ್ನು ಓಡಿಸಿ ನಿಲ್ಲಿಸುವ ಸ್ಟಾರ್ಟರ್ ಸವೆದಿರುವುದೇ ಹೆಚ್ಚು. ಆದರೆ ಮೋಟಾರು ನಿಂತಾಗಲೆಲ್ಲ ಸ್ಟಾರ್ಟರಿನ ಮೇಲೆ ಗೂಬೆ ಕೂರಿಸುವುದೂ ಸರಿಯಲ್ಲ. ಓವರ್‌ಲೋಡ್ ಟ್ರಿಪ್ ಆಗುವ, ಅಂದರೆ ಕರೆಂಟು ಮಿತಿ ಮೀರಿದಾಗ ತಾನಾಗಿ ಕಡಿದುಕೊಳ್ಳುವ ಸ್ಟಾರ್ಟರ್ ಬಹಳ ಸಲ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ದೋಷ ಲೈನಿನಲ್ಲೋ ಪಂಪಿನಲ್ಲೋ ಇರುತ್ತದೆ. ಆ ಸ್ಟಾರ್ಟರನ್ನು ಕಿತ್ತು ಹೊಸದನ್ನು ಕೂರಿಸಿದರೆ ಹೊಸದೂ ಟ್ರಿಪ್ ಆಗುತ್ತದೆ, ಇಲ್ಲವೇ ಮೋಟಾರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಡುತ್ತದೆ.

ಈ ಬರಹ 3ರಿಂದ 15 ಎಚ್.ಪಿ.ವರೆಗಿನ, 415 ವೋಲ್ಟಿನ ತ್ರೀಫೇಸ್ ಇಂಡಕ್ಷನ್ ಮೋಟಾರುಗಳಿಗೆ ಸಂಬಂಧಿಸಿದ್ದು. ಅವುಗಳ ಜೊತೆ ಸಾಮಾನ್ಯವಾಗಿ ಕಾಣುವ ಸ್ಟಾರ್ಟರುಗಳು ಮೂರು ಬಗೆಯವು: ಹಸಿರು ಮತ್ತು ಕೆಂಪು ಬಟನ್ ಇರುವ, ಪೂರ್ತಿ ವೋಲ್ಟೇಜನ್ನು ನೇರವಾಗಿ ಮೋಟಾರಿಗೆ ಕೊಡುವ ಡಿಒಎಲ್ ಸ್ಟಾರ್ಟರ್, ಕೈಹಿಡಿ ಇರುವ, ತಳದಲ್ಲಿ ಎಣ್ಣೆ ತೊಟ್ಟಿಯುಳ್ಳ ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೊದಲು ವೈಂಡಿಂಗನ್ನು ಸ್ಟಾರ್ ಜೋಡಣೆಯಲ್ಲಿ ಕಡಿಮೆ ಕರೆಂಟಿನಿಂದ ಎಬ್ಬಿಸಿ, ಆಮೇಲೆ ಡೆಲ್ಟಾ ಜೋಡಣೆಗೆ ತರುವಂಥದು), ಮೂರು ಕಾಂಟ್ಯಾಕ್ಟರ್ (ಕಾಯಿಲಿನ ಸೆಳೆತದಿಂದ ಕೂಡುವ ಸ್ವಿಚ್ಚು) ಮತ್ತು ಟೈಮರ್ ಇರುವ ಆಟೋಮ್ಯಾಟಿಕ್ ಸ್ಟಾರ್-ಡೆಲ್ಟಾ. ಮೋಟಾರಿನಿಂದ ಸ್ಟಾರ್ಟರಿಗೆ ಮೂರು ವೈರು ಬಂದಿದ್ದರೆ ಡಿಒಎಲ್, ಆರು ಬಂದಿದ್ದರೆ ಸ್ಟಾರ್-ಡೆಲ್ಟಾ ಎಂಬುದು ಸುಲಭದ ಗುರುತು.

ಪೆಟ್ಟಿಗೆ ತೆರೆಯುವ ಮುನ್ನ

415 ವೋಲ್ಟು ಎರಡನೆಯ ಅವಕಾಶ ಕೊಡುವುದಿಲ್ಲ. ಸ್ಟಾರ್ಟರಿನ ಸ್ಟಾಪ್ ಬಟನ್ ಒತ್ತಿದ ಮಾತ್ರಕ್ಕೆ ಒಳಗೆ ವಿದ್ಯುತ್ ಇಲ್ಲವೆಂದು ಅರ್ಥವಲ್ಲ. ಒಳಬರುವ ಮೂರು ಟರ್ಮಿನಲ್‌ಗಳು ಆಗಲೂ ಜೀವಂತವಾಗಿರುತ್ತವೆ. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕ್ಯಾರಿಯರ್‌ಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಬೇರೆ ಯಾರೂ ಬಂದು ಅವುಗಳನ್ನು ಸಿಕ್ಕಿಸದಂತೆ ಮಾಡಲು ಇದಕ್ಕಿಂತ ಸರಳ ಉಪಾಯ ಇಲ್ಲ. ಹಳೆಯ ಮೇನ್ ಸ್ವಿಚ್ಚುಗಳಲ್ಲಿ ಹಿಡಿ ಕೆಳಗೆ ಬಂದರೂ ಒಳಗಿನ ಒಂದು ಬ್ಲೇಡು ಅಂಟಿಕೊಂಡೇ ಉಳಿದಿರಬಹುದು. ಆದ್ದರಿಂದ ಮುಟ್ಟುವ ಮೊದಲು ಎರಡು ಬಲ್ಬಿನ ಟೆಸ್ಟ್ ಲ್ಯಾಂಪಿನಿಂದ (ಅದನ್ನು ಮಾಡಿಕೊಳ್ಳುವ ಬಗೆ ಕೆಳಗಿದೆ) ಮೂರು ಫೇಸುಗಳ ನಡುವೆಯೂ, ಪ್ರತಿ ಫೇಸಿನಿಂದ ಭೂಮಿಗೂ ಪರೀಕ್ಷಿಸಬೇಕು. ಮೋಟಾರಿಗೆ ಕೆಪ್ಯಾಸಿಟರ್ ಜೋಡಿಸಿದ್ದರೆ ವಿದ್ಯುತ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಕೆಲವು ನಿಮಿಷ ಬಿಟ್ಟು, ಅದೇ ಟೆಸ್ಟ್ ಲ್ಯಾಂಪನ್ನು ಅದರ ಟರ್ಮಿನಲ್‌ಗಳಿಗೆ ಹಿಡಿದು ಚಾರ್ಜ್ ಇಳಿಸಿದ ಬಳಿಕವೇ ಕೈ ಹಾಕಬೇಕು.

ಪಂಪ್‌ಹೌಸಿನ ನೆಲ ಒದ್ದೆಯಾಗಿದ್ದರೆ ಅಂದಿನ ಕೆಲಸವನ್ನು ಮರುದಿನಕ್ಕೆ ಮುಂದೂಡಿ. ಒಣ ಹಲಗೆಯ ಮೇಲೆ ನಿಂತು, ರಬ್ಬರ್ ಅಟ್ಟೆಯ ಪಾದರಕ್ಷೆ ಹಾಕಿಕೊಂಡು, ಜೊತೆಗೊಬ್ಬರನ್ನು ಇಟ್ಟುಕೊಂಡೇ ಕೆಲಸ ಮಾಡಬೇಕು. ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಫ್ಯೂಸನ್ನು ಸ್ವತಃ ಹಾಕಲು ಹೋಗಿ ಪ್ರಾಣ ಕಳೆದುಕೊಂಡವರ ಸುದ್ದಿ ಪ್ರತಿ ವರ್ಷವೂ ಬರುತ್ತದೆ. ಆ ಕೆಲಸ ಲೈನ್‌ಮ್ಯಾನ್‌ನದು. ಎಸ್ಕಾಂನ 1912 ಸಂಖ್ಯೆಗೆ ದೂರು ಕೊಟ್ಟು ಕಾಯುವುದೊಂದೇ ದಾರಿ.

ಹಳೆಯ ಸ್ಟಾರ್ಟರುಗಳಿಗೆ ಸೇರಿದ ಇನ್ನೂ ಎರಡು ಎಚ್ಚರಿಕೆಗಳಿವೆ. ಕೆಲವುಗಳ ಒಳಗೆ ಕಿಡಿ ತಡೆಯಲು ಬೂದುಬಣ್ಣದ ಆಸ್ಬೆಸ್ಟಾಸ್ ಹಾಳೆ ಇಟ್ಟಿರುತ್ತಾರೆ. ಅದನ್ನು ಉಜ್ಜಬಾರದು, ಬಾಯಿಂದ ಅಥವಾ ಬ್ಲೋಯರ್‌ನಿಂದ ಊದಬಾರದು. ಎಣ್ಣೆ ತೊಟ್ಟಿಯ ಹಳೆಯ ಎಣ್ಣೆಯನ್ನು ಬಾವಿಯ ದಂಡೆಯಲ್ಲಿ ಚೆಲ್ಲುವುದಾಗಲಿ, ಕೈಗೆ ಬಳಿದುಕೊಳ್ಳುವುದಾಗಲಿ ಕೂಡದು.

ಬಟನ್ ಒತ್ತಿದರೂ ಸದ್ದೇ ಇಲ್ಲ

ಮೊದಲು ಲೈನ್ ನೋಡಿ. ಮನೆಯ ದೀಪ ಉರಿಯುತ್ತಿದೆ ಎಂದರೆ ತ್ರೀಫೇಸ್ ಇದೆ ಎಂದಲ್ಲ. ಹಳ್ಳಿಯ ಫೀಡರುಗಳಲ್ಲಿ ತ್ರೀಫೇಸ್ ಬರುವುದು ನಿಗದಿತ ಸಮಯದಲ್ಲಿ ಮಾತ್ರ. ಟೆಸ್ಟರ್ ಸ್ಕ್ರೂಡ್ರೈವರ್ ಇಲ್ಲಿ ಪೂರಾ ಮೋಸ ಮಾಡುತ್ತದೆ. ಒಂದು ಫೇಸು ಹೋಗಿದ್ದರೂ, ಅದೇ ಟಿಸಿಯ ಬೇರೆ ಮೋಟಾರುಗಳ ವೈಂಡಿಂಗ್ ಮೂಲಕ ಹಿಂದಕ್ಕೆ ಬಂದ ವಿದ್ಯುತ್ತಿನಿಂದ ಮೂರೂ ವೈರಿನಲ್ಲಿ ಟೆಸ್ಟರ್ ಉರಿಯಬಹುದು.

ನಂಬಬಹುದಾದ ಅಗ್ಗದ ಸಾಧನವೆಂದರೆ ಎರಡು ಬಲ್ಬಿನ ಟೆಸ್ಟ್ ಲ್ಯಾಂಪ್. ಒಂದೇ ವ್ಯಾಟಿನ, 60 ಅಥವಾ 100 ವ್ಯಾಟಿನ ಎರಡು ತಂತಿಬಲ್ಬುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿ, ಎರಡು ತುದಿಗೂ ಚೆನ್ನಾಗಿ ಇನ್ಸುಲೇಶನ್ ಇರುವ ವೈರು ಹಾಕಿಕೊಳ್ಳಬೇಕು. ಒಂದೇ ಬಲ್ಬು ಫೇಸು-ಫೇಸಿನ ನಡುವಿನ 415 ವೋಲ್ಟನ್ನು ತಾಳದೆ ಒಡೆಯಬಹುದು; ಎರಡಿದ್ದರೆ ಪ್ರತಿಯೊಂದರ ಪಾಲಿಗೆ ಸುಮಾರು 207 ವೋಲ್ಟ್ ಬೀಳುತ್ತದೆ. ಕೆಂಪು-ಹಳದಿ, ಹಳದಿ-ನೀಲಿ, ನೀಲಿ-ಕೆಂಪು, ಹೀಗೆ ಮೂರು ಜೋಡಿಗೂ ಹಿಡಿದಾಗ ಬೆಳಕು ಮೂರು ಸಲವೂ ಒಂದೇ ಪ್ರಖರತೆಯಲ್ಲಿರಬೇಕು. ಯಾವುದೇ ಜೋಡಿಯಲ್ಲಿ ಮಂಕಾಗಿದ್ದರೆ ಅಥವಾ ಉರಿಯದೇ ಇದ್ದರೆ ದೋಷ ಸ್ಟಾರ್ಟರಿನಲ್ಲಿಲ್ಲ. ಇದೇ ಪರೀಕ್ಷೆಯನ್ನು ಮೇನ್ ಸ್ವಿಚ್ಚಿನ ಮೇಲ್ಬದಿ, ಫ್ಯೂಸಿನ ಕೆಳಬದಿ, ಸ್ಟಾರ್ಟರಿನ ಒಳಬರುವ ಟರ್ಮಿನಲ್, ಈ ಕ್ರಮದಲ್ಲಿ ಮಾಡುತ್ತ ಬಂದರೆ ಫೇಸು ಎಲ್ಲಿ ಕಳೆದುಹೋಗಿದೆ ಎಂಬುದು ತಾನಾಗಿ ಸಿಗುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ವೋಲ್ಟೇಜ್ ಇಳಿದರೂ ಅದರ ಬೆಳಕು ಬದಲಾಗದೆ ಇರಬಹುದು.

ಮೂರೂ ಫೇಸು ಸರಿಯಿದ್ದೂ ಸದ್ದಿಲ್ಲದಿದ್ದರೆ ಓವರ್‌ಲೋಡ್ ರಿಲೇ ಟ್ರಿಪ್ ಆಗಿ ನಿಂತಿರಬಹುದು. ರಿಸೆಟ್ ಒತ್ತುವ ಮೊದಲು ಎರಡು ಮೂರು ನಿಮಿಷ ಬಿಡಬೇಕು. ಒಳಗಿನ ಬೈಮೆಟಲ್ ಪಟ್ಟಿ ಬಿಸಿಯಾಗಿರುವಾಗ ರಿಸೆಟ್ ಹಿಡಿಯುವುದಿಲ್ಲ. ಆಮೇಲೆ ಸ್ಟಾಪ್ ಬಟನ್ ನೋಡಿ. ತುಕ್ಕು ಹಿಡಿದು ಒಳಗೇ ಸಿಕ್ಕಿಕೊಂಡ ಸ್ಟಾಪ್ ಬಟನ್ ಇಡೀ ಸ್ಟಾರ್ಟರನ್ನು ಸತ್ತಂತೆ ಮಾಡುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸು ಹೋದರೆ ಮೋಟಾರು ನಿಲ್ಲಿಸುವ ಸಾಧನ) ಅಥವಾ ನೀರಿನ ಮಟ್ಟದ ಸ್ವಿಚ್ ಅಳವಡಿಸಿದ್ದರೆ ಅವೂ ಸ್ಟಾರ್ಟರನ್ನು ಹಿಡಿದಿಡುವ ಕಾಯಿಲಿನ ಸರ್ಕ್ಯೂಟಿನಲ್ಲೇ ಇರುತ್ತವೆ; ಅವು ತಡೆದಿರಬಹುದು. ಮಳೆಗಾಲ ಕಳೆದ ಮೇಲೆ ಮೊದಲ ಸಲ ಪೆಟ್ಟಿಗೆ ತೆರೆದಾಗ ಕಡಜದ ಮಣ್ಣುಗೂಡು, ಕಾಂಟ್ಯಾಕ್ಟ್ ನಡುವೆ ಸಿಕ್ಕಿ ಕರಕಲಾದ ಹಲ್ಲಿ, ಸಾಲುಗಟ್ಟಿದ ಇರುವೆ, ಇವುಗಳಲ್ಲಿ ಒಂದಾದರೂ ಕಾಣದಿದ್ದರೆ ಅದೃಷ್ಟ. ಒಣ ಬ್ರಷ್ಷಿನಿಂದ ಗುಡಿಸಿ ತೆಗೆದರೆ ಎಷ್ಟೋ ಸ್ಟಾರ್ಟರುಗಳು ಮತ್ತೆ ಹಿಡಿಯುತ್ತವೆ.

ಇಷ್ಟೂ ಸರಿಯಿದ್ದರೆ ಕೊನೆಗೆ ಉಳಿಯುವುದು ನೋ-ವೋಲ್ಟ್ ಕಾಯಿಲ್, ಅಂದರೆ ವಿದ್ಯುತ್ ಇರುವವರೆಗೆ ಸ್ಟಾರ್ಟರನ್ನು ಹಿಡಿದಿಟ್ಟು, ಹೋದಾಗ ಬಿಟ್ಟುಬಿಡುವ ಕಾಯಿಲ್. ವಿದ್ಯುತ್ ಪೂರಾ ತೆಗೆದು, ಕಾಯಿಲಿನ ಒಂದು ವೈರು ಬಿಚ್ಚಿ, ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್ ಅಳೆಯಿರಿ. ಮೀಟರು ಏನನ್ನೂ ತೋರಿಸದಿದ್ದರೆ ಕಾಯಿಲ್ ಒಳಗೆ ತುಂಡಾಗಿದೆ. ಕಾಯಿಲ್ ಮಾತ್ರ ಬದಲಿಸಿದರೆ ಸಾಕು. ಇಡೀ ಸ್ಟಾರ್ಟರ್ ಬೇಡ. ಹೊಸ ಕಾಯಿಲಿನ ಮೇಲೆ 415 ವೋಲ್ಟ್ ಎಂದಿದೆಯೋ 240 ಎಂದಿದೆಯೋ ನೋಡಿಯೇ ಕೊಳ್ಳಬೇಕು. ಎರಡು ಫೇಸಿನ ನಡುವೆ 240ರ ಕಾಯಿಲ್ ಹಾಕಿದರೆ ನೋಡುನೋಡುತ್ತಿದ್ದಂತೆ ಹೊಗೆಯಾಡುತ್ತದೆ.

ಒತ್ತಿಹಿಡಿದಷ್ಟು ಹೊತ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ

ಡಿಒಎಲ್‌ನಲ್ಲಿ ಈ ಲಕ್ಷಣ ಕಂಡರೆ ಕಾಯಿಲ್ ಸರಿಯಿದೆ, ಕಾಂಟ್ಯಾಕ್ಟರ್ ಸರಿಯಿದೆ, ಅದನ್ನು ಹಿಡಿದಿಡುವ ಪಕ್ಕದ ಸಣ್ಣ ಹೋಲ್ಡಿಂಗ್ ಕಾಂಟ್ಯಾಕ್ಟು ಕೂಡಿಕೊಳ್ಳುತ್ತಿಲ್ಲ ಎಂದು ಅರ್ಥ. ಬಹುಪಾಲು ಅದರ ಮೇಲೆ ಕಪ್ಪು ಪದರ ಕಟ್ಟಿರುತ್ತದೆ, ಇಲ್ಲವೇ ಅದರ ವೈರು ಸಡಿಲವಾಗಿರುತ್ತದೆ.

ಎಣ್ಣೆ ತೊಟ್ಟಿಯ ಕೈಹಿಡಿ ಸ್ಟಾರ್ಟರಿನಲ್ಲಿ ಹಿಡಿಯನ್ನು ರನ್ ಸ್ಥಾನಕ್ಕೆ ತಂದು ಬಿಟ್ಟಾಗ ಅದು ಠಕ್ಕೆಂದು ಹಿಂದಕ್ಕೆ ಬರುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿ. ವೋಲ್ಟೇಜ್ ತೀರ ಇಳಿದಾಗ 415ರ ಕಾಯಿಲ್ ಹಿಡಿಯನ್ನು ತಡೆದಿಡುವ ಕೊಂಡಿಯನ್ನು ಎಳೆದಿಡಲಾರದು. ಇದು ದೋಷವಲ್ಲ, ರಕ್ಷಣೆ. ಹಿಡಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುವ ಪದ್ಧತಿಯನ್ನು ಹಲವು ತೋಟಗಳಲ್ಲಿ ಕಾಣಬಹುದು. ಹಾಗೆ ಮಾಡಿದ ಕ್ಷಣದಿಂದ ಆ ಸ್ಟಾರ್ಟರಿನಲ್ಲಿ ನೋ-ವೋಲ್ಟ್ ರಕ್ಷಣೆಯೂ ಇಲ್ಲ, ಓವರ್‌ಲೋಡ್ ರಕ್ಷಣೆಯೂ ಇಲ್ಲ, ಅದು ಬರಿಯ ಸ್ವಿಚ್ಚು. ವೋಲ್ಟೇಜ್ ಸರಿಯಿದ್ದರೆ ಸ್ಟಾಪ್ ಬಟನ್, ಓವರ್‌ಲೋಡಿನ ಸಣ್ಣ ಕಾಂಟ್ಯಾಕ್ಟು, ಕಾಯಿಲ್, ಕೊನೆಗೆ ಕೊಂಡಿಯ ಸವೆತ, ಈ ಕ್ರಮದಲ್ಲಿ ಪರೀಕ್ಷಿಸಬೇಕು. ಕೊಂಡಿಯ ಅಂಚು ದುಂಡಗಾಗಿ ಜಾರುತ್ತಿದ್ದರೆ, ಆ ಬಿಡಿಭಾಗ ಈಗ ಸಿಗುವುದು ಕಷ್ಟವಾದ್ದರಿಂದ, ಸ್ಟಾರ್ಟರ್ ಬದಲಿಸುವ ಮಾತು ಇಲ್ಲಿ ನ್ಯಾಯವೇ.

ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ

ತಕ್ಷಣ ನಿಲ್ಲಿಸಿ. ನಿಂತಲ್ಲೇ ಗುಂಯ್‌ಗುಡುವ ಮೋಟಾರು ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತಿರುತ್ತದೆ, ಅದನ್ನು ತಂಪಾಗಿಸುವ ಫ್ಯಾನು ಕೂಡ ನಿಂತಿರುತ್ತದೆ. ಇನ್ನೊಂದು ಸಲ ನೋಡೋಣ, ಮತ್ತೊಂದು ಸಲ ನೋಡೋಣ ಎಂದು ಬಟನ್ ಒತ್ತುತ್ತಾ ಹೋದುದರಿಂದಲೇ ಎಷ್ಟೋ ವೈಂಡಿಂಗ್‌ಗಳು ಸುಟ್ಟಿವೆ.

ಈ ಲಕ್ಷಣಕ್ಕೆ ಮುಖ್ಯ ಕಾರಣ ಒಂದು ಫೇಸು ಇಲ್ಲದಿರುವುದು. ಮೇಲೆ ಹೇಳಿದ ಟೆಸ್ಟ್ ಲ್ಯಾಂಪಿನಿಂದ ಒಳಬರುವ ಕಡೆ ಪರೀಕ್ಷಿಸಿ. ಅಲ್ಲಿ ಮೂರೂ ಸರಿಯಿದ್ದರೆ ಎರಡನೆಯ ಪರೀಕ್ಷೆ ಇನ್ನೂ ಅಗ್ಗದ್ದು: ವಿದ್ಯುತ್ ತೆಗೆದು, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ತಿಂಗಳುಗಟ್ಟಲೆ ನಿಂತ ಪಂಪಿನಲ್ಲಿ ಗ್ಲ್ಯಾಂಡಿನ (ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಭಾಗ) ದಾರ ಒಣಗಿ ಶಾಫ್ಟನ್ನು ಕಚ್ಚಿಕೊಂಡಿರುತ್ತದೆ. ಬೇರಿಂಗು ಜಾಮ್ ಆಗಿರಬಹುದು. ಇಂಪೆಲ್ಲರಿಗೆ ತುಕ್ಕು ಹತ್ತಿರಬಹುದು. ಕೈಗೆ ಸುಲಭವಾಗಿ ತಿರುಗದ ಶಾಫ್ಟನ್ನು ಯಾವ ಸ್ಟಾರ್ಟರೂ ತಿರುಗಿಸಬಾರದು.

ಶಾಫ್ಟ್ ಸಡಿಲವಾಗಿದೆ, ಫೇಸು ಮೂರೂ ಇವೆ, ಆದರೂ ಗುಂಯ್ ಎನ್ನುತ್ತದೆ ಎಂದಾದರೆ ಆಗ ಸ್ಟಾರ್ಟರಿನ ಸರದಿ. ಮೂರು ಕಾಂಟ್ಯಾಕ್ಟುಗಳಲ್ಲಿ ಒಂದು ಸುಟ್ಟು ಕೂಡಿಕೊಳ್ಳುತ್ತಿಲ್ಲ, ಅಥವಾ ಓವರ್‌ಲೋಡಿನ ಒಂದು ಹೀಟರ್ ತುಂಡಾಗಿದೆ. ಮೋಟಾರಿನ ವೈರುಗಳನ್ನು ಸ್ಟಾರ್ಟರಿನಿಂದ ಬಿಚ್ಚಿಟ್ಟು, ಸ್ಟಾರ್ಟರನ್ನು ಮಾತ್ರ ಹಿಡಿಸಿ, ಹೊರಹೋಗುವ ಟರ್ಮಿನಲ್‌ಗಳಲ್ಲಿ ಮೂರು ಜೋಡಿಗೂ ಲ್ಯಾಂಪ್ ಹಿಡಿದರೆ ಯಾವ ಫೇಸು ದಾಟುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಜೀವಂತ ಪೆಟ್ಟಿಗೆಯಲ್ಲಿ ಮಾಡುವ ಪರೀಕ್ಷೆ ಇದು. ಅಭ್ಯಾಸವಿಲ್ಲದವರು ಇಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸುವುದು ಲೇಸು.

ಕಾಂಟ್ಯಾಕ್ಟನ್ನು ಉಜ್ಜುವ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಹಳೆಯ ಎಣ್ಣೆ ಸ್ಟಾರ್ಟರಿನ ಕಾಂಟ್ಯಾಕ್ಟು ದಪ್ಪ ತಾಮ್ರದ್ದು. ಗುಂಡಿ ಬಿದ್ದಿದ್ದರೆ ನುಣುಪಾದ ಅರದಿಂದ ಸಮಮಾಡಿ, ಪುಡಿಯನ್ನೆಲ್ಲ ಒರೆಸಿ, ಮೂರೂ ಒಟ್ಟಿಗೇ ಕೂಡುತ್ತವೆಯೇ ಎಂದು ನೋಡಬೇಕು. ಡಿಒಎಲ್ ಕಾಂಟ್ಯಾಕ್ಟರಿನ ತುದಿಯಲ್ಲಿರುವುದು ಬೆಳ್ಳಿ ಮಿಶ್ರಲೋಹದ ತೆಳುವಾದ ಬಿಲ್ಲೆ. ಅದು ಕಪ್ಪಾಗಿದ್ದರೂ ಕೆಲಸ ಮಾಡುತ್ತದೆ. ಅರ ಹಾಕಿದರೆ ಆ ಬೆಳ್ಳಿಯೇ ಹೋಗುತ್ತದೆ. ಬಿಲ್ಲೆ ಸವೆದು ಹಿಂದಿನ ಲೋಹ ಕಂಡರೆ ಮೂರೂ ಜೊತೆ ಕಾಂಟ್ಯಾಕ್ಟುಗಳನ್ನು ಒಟ್ಟಿಗೆ ಬದಲಿಸಬೇಕು.

ವೋಲ್ಟೇಜ್ ಕಡಿಮೆಯಿದ್ದರೂ ಮೋಟಾರು ಹೀಗೇ ನರಳುತ್ತದೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, 415ರ ಜಾಗದಲ್ಲಿ 350 ಇದ್ದರೆ ಬಲ ಸುಮಾರು ನೂರಕ್ಕೆ 71ಕ್ಕೆ ಇಳಿಯುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರಿನ ಸ್ಟಾರ್ ಹಂತದಲ್ಲಿ ಮೊದಲೇ ಮೂರನೇ ಒಂದು ಭಾಗ ಬಲವಷ್ಟೇ ಸಿಗುತ್ತದೆ. ಅದರಲ್ಲಿ ಇನ್ನೂ ಕಡಿತವಾದರೆ ಏಳಲಾರದು. ಕರೆಂಟು ಬಂದೊಡನೆ ಮೋಟಾರನ್ನು ತಾನೇ ಓಡಿಸುವ ಆಟೋ ಸ್ಟಾರ್ಟರ್ ಎಂಬ ಸಲಕರಣೆಯನ್ನು ಎಸ್ಕಾಂಗಳು ಬೇಡವೆನ್ನುವುದು ಈ ಕಾರಣಕ್ಕೇ. ಕರೆಂಟು ಬಂದ ಕ್ಷಣ ಒಂದೇ ಟಿಸಿಯ ಎಲ್ಲ ಮೋಟಾರುಗಳೂ ಒಟ್ಟಿಗೆ ಏಳಲು ಹೊರಟರೆ ವೋಲ್ಟೇಜ್ ಕುಸಿಯುತ್ತದೆ, ಒಂದೂ ಸರಿಯಾಗಿ ಏಳುವುದಿಲ್ಲ, ಟಿಸಿ ಸುಡುತ್ತದೆ.

ಸ್ವಲ್ಪ ಹೊತ್ತು ಓಡಿ ಟ್ರಿಪ್ ಆಗುತ್ತದೆ

ಸ್ಟಾರ್ಟರನ್ನು ಅತಿ ಹೆಚ್ಚು ತಪ್ಪಾಗಿ ದೂರುವುದು ಈ ಲಕ್ಷಣದಲ್ಲಿ. ಅಂಗಡಿಗೆ ಹೋದರೆ ಸ್ಟಾರ್ಟರ್ ಹಳೆಯದಾಯಿತು ಎನ್ನುತ್ತಾರೆ, ನೆರೆಯವರು ಸೆಟ್ಟಿಂಗ್ ಏರಿಸು ಎನ್ನುತ್ತಾರೆ. ಎರಡನ್ನೂ ಕೇಳುವ ಮೊದಲು ಟಾಂಗ್ ಟೆಸ್ಟರ್ (ವೈರನ್ನು ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರು) ಹಿಡಿದು ಮೂರೂ ಫೇಸಿನ ಕರೆಂಟು ಅಳೆಯಬೇಕು. ಫಲಕದಲ್ಲಿ ಆಂಪಿಯರ್ ಬರೆದಿರುತ್ತದೆ. ಅಕ್ಷರ ಅಳಿಸಿದ್ದರೆ 415 ವೋಲ್ಟಿನಲ್ಲಿ ಎಚ್.ಪಿ.ಗೆ ಸುಮಾರು ಒಂದೂವರೆ ಆಂಪಿಯರ್ ಎಂಬ ಲೆಕ್ಕ ಹಿಡಿಯಬಹುದು. 5 ಎಚ್.ಪಿ.ಗೆ ಏಳೂವರೆ, ಏಳೂವರೆ ಎಚ್.ಪಿ.ಗೆ 11, 10 ಎಚ್.ಪಿ.ಗೆ 14ರಿಂದ 15 ಆಂಪಿಯರ್.

ಮೂರೂ ಫೇಸಿನಲ್ಲಿ ಸಮನಾಗಿ ಹೆಚ್ಚಿದ್ದರೆ ಭಾರ ಹೆಚ್ಚಾಗಿದೆ ಅಥವಾ ವೋಲ್ಟೇಜ್ ಕಡಿಮೆಯಿದೆ: ಗ್ಲ್ಯಾಂಡ್ ಬಿಗಿಯಾಗಿರಬಹುದು, ಮೋಟಾರು-ಪಂಪಿನ ಕಪ್ಲಿಂಗ್ ಒಂದೇ ಸಾಲಿನಲ್ಲಿಲ್ಲದಿರಬಹುದು, ಪಂಪಿನೊಳಗೆ ಮರಳು ಸೇರಿರಬಹುದು. ಒಂದು ಫೇಸಿನಲ್ಲಿ ಮಾತ್ರ ಹೆಚ್ಚಿದ್ದರೆ ವೋಲ್ಟೇಜ್ ಅಸಮವಾಗಿದೆ, ಇಲ್ಲವೇ ವೈಂಡಿಂಗಿನಲ್ಲಿ ದೋಷವಿದೆ. ವೋಲ್ಟೇಜಿನಲ್ಲಿ ಸಣ್ಣ ಅಸಮತೋಲನವಿದ್ದರೂ ಕರೆಂಟಿನಲ್ಲಿ ಅದು ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ನೆನಪಿಡಬೇಕು. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಒಳಬರುವ ಮೂರೂ ಫೇಸನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ ಜೋಡಿಸಿ ಮತ್ತೆ ಅಳೆಯುತ್ತಾರೆ. ಹೆಚ್ಚಿನ ಕರೆಂಟು ಲೈನಿನ ಫೇಸಿನ ಜೊತೆಗೇ ಸರಿದರೆ ದೋಷ ಲೈನಿನದು. ಮೋಟಾರಿನ ಅದೇ ವೈರಿನಲ್ಲಿ ಉಳಿದರೆ ಮೋಟಾರಿನದು. ಮೂರನ್ನೂ ಒಂದೇ ದಿಕ್ಕಿನಲ್ಲಿ ಸರಿಸಿದರೆ ಮೋಟಾರು ತಿರುಗುವ ದಿಕ್ಕು ಬದಲಾಗುವುದಿಲ್ಲ.

ಮೂರೂ ಫೇಸಿನಲ್ಲಿ ಫಲಕದಷ್ಟೇ ಅಥವಾ ಅದಕ್ಕಿಂತ ಕಡಿಮೆ ಕರೆಂಟು ಇದ್ದೂ ಟ್ರಿಪ್ ಆಗುತ್ತಿದ್ದರೆ ಮಾತ್ರ ರಿಲೇಯನ್ನು ಅನುಮಾನಿಸಬೇಕು. ಅದರಲ್ಲೂ ಮೊದಲು ನೋಡಬೇಕಾದದ್ದು ಟರ್ಮಿನಲ್ ಸ್ಕ್ರೂಗಳು. ಸಡಿಲ ಸ್ಕ್ರೂ ಬಿಸಿಯಾಗಿ ಆ ಬಿಸಿ ರಿಲೇಗೆ ಹರಿದರೆ ಅದು ಸುಮ್ಮನೆ ಬೀಳುತ್ತದೆ. ವೈರಿನ ತುದಿಯ ಇನ್ಸುಲೇಶನ್ ಕಂದುಬಣ್ಣಕ್ಕೆ ತಿರುಗಿ ಪೆಡಸಾಗಿರುವುದೇ ಇದರ ಗುರುತು. ಎಣ್ಣೆ ಸ್ಟಾರ್ಟರುಗಳಲ್ಲಿ ಓವರ್‌ಲೋಡ್ ಕಾಯಿಲಿನ ಕೆಳಗೆ ಸಣ್ಣ ಬಟ್ಟಲಿನಂಥ ಡ್ಯಾಶ್‌ಪಾಟ್ ಇರುತ್ತದೆ, ಅದರೊಳಗಿನ ಎಣ್ಣೆ ಪಿಸ್ಟನ್ ಏರುವುದನ್ನು ನಿಧಾನಗೊಳಿಸುತ್ತದೆ. ಆ ಎಣ್ಣೆ ಒಣಗಿದ್ದರೆ ಸ್ಟಾರ್ಟ್ ಮಾಡುವಾಗಿನ ಹೆಚ್ಚಿನ ಕರೆಂಟಿಗೇ ಪಿಸ್ಟನ್ ಹಾರಿ ಸ್ಟಾರ್ಟರ್ ಬೀಳುತ್ತದೆ. ಅದಕ್ಕೆ ಹೇಳಿದ ಎಣ್ಣೆ ತುಂಬಿದರೆ ತೊಂದರೆ ಮುಗಿಯಿತು. ಹರಳೆಣ್ಣೆಯನ್ನೋ ಗಾಡಿಯ ಎಂಜಿನ್ ಆಯಿಲನ್ನೋ ಹಾಕಿದರೆ ಅದು ಚಳಿಗೊಂದು ರೀತಿ, ಬಿಸಿಲಿಗೊಂದು ರೀತಿ ಬೀಳತೊಡಗುತ್ತದೆ.

ಟ್ರಿಪ್ ಆಗುತ್ತದೆಂದು ಸೆಟ್ಟಿಂಗ್ ಏರಿಸುವುದು, ಫ್ಯೂಸಿಗೆ ಅಲ್ಯೂಮಿನಿಯಂ ತಂತಿ ಸುತ್ತುವುದು, ಇವೆರಡೂ ಕಾಯಿಲೆ ಬಿಟ್ಟು ಥರ್ಮಾಮೀಟರ್ ಒಡೆದಂತೆ.

ಸ್ಟಾರ್‌ನಲ್ಲಿ ಸರಿ, ಡೆಲ್ಟಾಕ್ಕೆ ಬಂದೊಡನೆ ಬೀಳುತ್ತದೆ

ವರ್ಷಗಟ್ಟಲೆ ಚೆನ್ನಾಗಿ ಓಡುತ್ತಿದ್ದ ಮೋಟಾರಿನಲ್ಲಿ ಈಗ ಹೀಗಾಗುತ್ತಿದ್ದರೆ, ಅದು ವೇಗ ಪಡೆಯುವ ಮೊದಲೇ ಡೆಲ್ಟಾಕ್ಕೆ ತಳ್ಳುತ್ತಿದ್ದೀರಿ ಎಂದೇ ಹೆಚ್ಚು ಸಂಭವ. ಕೈಹಿಡಿ ಸ್ಟಾರ್ಟರಿನಲ್ಲಿ ಸದ್ದು ಏರಿ ಒಂದೇ ಮಟ್ಟಕ್ಕೆ ಬಂದ ಮೇಲೆ, ತಡವರಿಸದೆ ಒಮ್ಮೆಗೇ ಹಿಡಿಯನ್ನು ಎಳೆಯಬೇಕು. ಟೈಮರ್ ಇದ್ದರೆ ಪಂಪಿಗೆ ಸಾಮಾನ್ಯವಾಗಿ 5ರಿಂದ 10 ಸೆಕೆಂಡು ಬೇಕಾಗುತ್ತದೆ. ಆದರೆ ಮೋಟಾರು ರೀವೈಂಡಿಂಗ್ ಆಗಿ ಬಂದ ಬಳಿಕ ಅಥವಾ ಸ್ಟಾರ್ಟರಿನ ವೈರು ಬಿಚ್ಚಿ ಹಾಕಿದ ಬಳಿಕ ಈ ಲಕ್ಷಣ ಕಂಡಿದ್ದರೆ ಆರು ವೈರುಗಳ ತುದಿಗಳು ಅದಲುಬದಲಾಗಿವೆ. ಊಹೆಯ ಮೇಲೆ ಬದಲಿಸುತ್ತಾ ಹೋಗಬೇಡಿ. ಪ್ರತಿ ತಪ್ಪು ಜೋಡಣೆಯೂ ವೈಂಡಿಂಗಿಗೆ ಪೆಟ್ಟು. ಎರಡೆರಡು ತುದಿಗಳ ಮೂರು ಕಾಯಿಲುಗಳನ್ನು ಮಲ್ಟಿಮೀಟರಿನಿಂದ ಗುರುತಿಸಬಹುದು, ಆದರೆ ಯಾವುದು ಆರಂಭದ ತುದಿ, ಯಾವುದು ಕೊನೆಯದು ಎಂಬುದನ್ನು ವೈಂಡಿಂಗ್ ಶಾಪಿನವರೇ ಹೇಳಬೇಕು.

ಬಡಬಡಿಸುವ ಸದ್ದು, ಸುಟ್ಟ ವಾಸನೆ, ಬಿಸಿಯಾದ ಎಣ್ಣೆ

ಕಾಂಟ್ಯಾಕ್ಟರ್ ಬಡಬಡಿಸಿದರೆ ವೋಲ್ಟೇಜ್ ಕಡಿಮೆ, ಅಥವಾ ಅದರ ಕಬ್ಬಿಣದ ಎರಡು ಮುಖಗಳ ನಡುವೆ ಧೂಳು ಸೇರಿದೆ, ಅಥವಾ ಆ ಮುಖದಲ್ಲಿ ಕೂರಿಸಿದ ತಾಮ್ರದ ಶೇಡಿಂಗ್ ರಿಂಗ್ ಬಿರುಕು ಬಿಟ್ಟಿದೆ. ಪೂರಾ ಕೂಡದ ಕಾಂಟ್ಯಾಕ್ಟರಿನ ಕಾಯಿಲ್ ಹೆಚ್ಚು ಕರೆಂಟು ಎಳೆದು ಸುಡುತ್ತದೆ, ಆದ್ದರಿಂದ ಸದ್ದನ್ನು ಕೇಳಿಸಿಕೊಂಡು ಸುಮ್ಮನಿರಬಾರದು.

ಎಣ್ಣೆ ಸ್ಟಾರ್ಟರಿನಲ್ಲಿ ತೊಟ್ಟಿಯ ಹೊರಮೈಗೆ ಕೈಯ ಹಿಂಬದಿ ತಾಗಿಸಲಾರದಷ್ಟು ಬಿಸಿ ಬರುತ್ತಿದ್ದರೆ ಒಳಗಿನ ಕಾಂಟ್ಯಾಕ್ಟು ಸರಿಯಾಗಿ ಒತ್ತುತ್ತಿಲ್ಲ. ವಿದ್ಯುತ್ ತೆಗೆದ ಮೇಲೆ ತೊಟ್ಟಿ ಇಳಿಸಿ ನೋಡಿ. ಎಣ್ಣೆ ಗುರುತಿನ ಗೆರೆಗಿಂತ ಕೆಳಗಿದ್ದರೆ ಕಿಡಿ ಗಾಳಿಯಲ್ಲಿ ಹಾರುತ್ತದೆ, ಬೆಂಕಿಯ ಅಪಾಯವಿದೆ. ಕಪ್ಪು ಕೆಸರು, ನೀರಿನ ಹನಿ ಕಂಡರೆ ಎಣ್ಣೆ ಪೂರಾ ಬದಲಿಸಬೇಕು. ಹಾಕಬೇಕಾದದ್ದು ಒಣ ಟ್ರಾನ್ಸ್‌ಫಾರ್ಮರ್ ಎಣ್ಣೆಯೇ ಹೊರತು ಬೇರಾವುದೂ ಅಲ್ಲ.

ಸ್ಟಾಪ್ ಒತ್ತಿದರೂ ನಿಲ್ಲುವುದಿಲ್ಲ

ಕಾಂಟ್ಯಾಕ್ಟುಗಳು ಬೆಸೆದುಕೊಂಡಿವೆ. ಮೇನ್ ಸ್ವಿಚ್ ಇಳಿಸಿ ನಿಲ್ಲಿಸಿ, ಮತ್ತೆ ಓಡಿಸಬೇಡಿ. ಒಂದು ಕಾಂಟ್ಯಾಕ್ಟು ಬೆಸೆದು ಇನ್ನೆರಡು ಬಿಟ್ಟುಕೊಂಡಿದ್ದರೆ ಮೋಟಾರು ನಿಂತಂತೆ ಕಾಣುತ್ತದೆ, ಆದರೆ ಅದರ ಟರ್ಮಿನಲ್‌ಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ; ಸ್ಟಾರ್ಟರ್ ನಂಬಿ ಮೋಟಾರು ಮುಟ್ಟಬಾರದೆಂಬುದು ಇದಕ್ಕೇ.

ಮುಟ್ಟಿದರೆ ಜುಮ್ಮೆನ್ನುತ್ತದೆ

ಇಲ್ಲಿ ಮನೆಯವರ ಪರೀಕ್ಷೆ ಮುಗಿಯಿತು. ಮೇನ್ ಇಳಿಸಿ, ಪಂಪ್‌ಹೌಸಿಗೆ ಮಕ್ಕಳು, ದನಕರು ಹೋಗದಂತೆ ಮಾಡಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಅವರು ಮೋಟಾರಿನ ವೈರುಗಳನ್ನು ಬಿಚ್ಚಿ 500 ವೋಲ್ಟಿನ ಮೆಗ್ಗರ್‌ನಿಂದ ವೈಂಡಿಂಗ್ ಮತ್ತು ಮೈ ನಡುವಿನ ಇನ್ಸುಲೇಶನ್ ಅಳೆಯುತ್ತಾರೆ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಓಡಿಸುವಂತಿಲ್ಲ. ಮಳೆಗಾಲದ ತೇವ ಮಾತ್ರವಾಗಿದ್ದರೆ ಮೋಟಾರು ತೆರೆದು ಬಿಸಿಲಿಗಿಟ್ಟೋ ಒಳಗೆ ಬಲ್ಬು ಉರಿಸಿಟ್ಟೋ ಒಣಗಿಸಿದಾಗ ಅಳತೆ ಏರುತ್ತದೆ. ಅರ್ತಿಂಗ್ ವೈರು ಮೋಟಾರಿಗೂ ಸ್ಟಾರ್ಟರಿಗೂ ತಲುಪಿದೆಯೇ, ಅದರ ಬೋಲ್ಟು ತುಕ್ಕು ತಿಂದು ಹೋಗಿದೆಯೇ ಎಂಬುದನ್ನೂ ಅವರಿಂದಲೇ ನೋಡಿಸಬೇಕು.

ವೈಂಡಿಂಗ್ ಸುಟ್ಟೇ ಹೋಗಿದ್ದರೆ ಶಾಪಿನಲ್ಲಿ ಬಿಚ್ಚುವಾಗ ಎದುರು ನಿಂತು ನೋಡಿ. ಡೆಲ್ಟಾದಲ್ಲಿ ಓಡುತ್ತಿದ್ದ ಮೋಟಾರಿನ ಒಂದು ಫೇಸಿನ ಕಾಯಿಲುಗಳು ಕರಕಲಾಗಿ ಉಳಿದೆರಡು ಹೊಳೆಯುತ್ತಿದ್ದರೆ, ಅಥವಾ ಸ್ಟಾರ್‌ನಲ್ಲಿದ್ದ ಮೋಟಾರಿನ ಎರಡು ಫೇಸು ಸುಟ್ಟು ಒಂದು ಉಳಿದಿದ್ದರೆ, ಒಂದು ಫೇಸು ಹೋದಾಗಲೂ ಓಡುತ್ತಲೇ ಇತ್ತು ಎಂದರ್ಥ. ಮೂರೂ ಸಮನಾಗಿ ಕಪ್ಪಾಗಿದ್ದರೆ ಅತಿಭಾರ ಅಥವಾ ಕಡಿಮೆ ವೋಲ್ಟೇಜು. ಎರಡೂ ಸಂದರ್ಭದಲ್ಲಿ ಓವರ್‌ಲೋಡ್ ರಿಲೇ ಯಾಕೆ ಬೀಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಆ ಮೋಟಾರನ್ನು ಹಳೆಯ ಸ್ಟಾರ್ಟರಿಗೆ ಮತ್ತೆ ಜೋಡಿಸಬಾರದು.

ಬದಲಿಸಲೇಬೇಕಾದಾಗ ಯಾವುದನ್ನು ತರಬೇಕು

ಅಂಗಡಿಗೆ ಎಚ್.ಪಿ. ಮಾತ್ರ ಹೇಳಿ ಹೋಗಬೇಡಿ. ಫಲಕದ ಫೋಟೊ, ಮೋಟಾರಿನ ಟರ್ಮಿನಲ್ ಪೆಟ್ಟಿಗೆಯೊಳಗಿನ ಫೋಟೊ, ಹಳೆಯ ಸ್ಟಾರ್ಟರಿನ ಫೋಟೊ, ಮೂರನ್ನೂ ಒಯ್ಯಿರಿ. ಫಲಕದಲ್ಲಿ 415 ವೋಲ್ಟ್ ಡೆಲ್ಟಾ ಎಂದಿದ್ದು ಆರು ಟರ್ಮಿನಲ್ ಇದ್ದರೆ ಸ್ಟಾರ್-ಡೆಲ್ಟಾ ಹಾಕಬಹುದು. ಆಮದಾಗಿ ಬಂದ ಕೆಲವು ಬಹಳ ಹಳೆಯ ಮೋಟಾರುಗಳ ಮೇಲೆ 220/380 ಎಂದು ಬರೆದಿರುತ್ತದೆ. ಅವುಗಳ ಪ್ರತಿ ಕಾಯಿಲ್ 220 ವೋಲ್ಟಿನದು, ನಮ್ಮ ಲೈನಿನಲ್ಲಿ ಅವು ಸ್ಟಾರ್‌ನಲ್ಲಿ ಮಾತ್ರ ಓಡಬೇಕು. ಅಂಥದಕ್ಕೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಡೆಲ್ಟಾ ಹಂತದಲ್ಲಿ 220ರ ಕಾಯಿಲಿಗೆ 415 ಬಿದ್ದು ಮೋಟಾರು ಹೋಯಿತೆಂದೇ ಲೆಕ್ಕ. ಆರು ಟರ್ಮಿನಲ್ ಕಂಡ ಮಾತ್ರಕ್ಕೆ ತೀರ್ಮಾನಿಸಬಾರದು.

ಗಿರಣಿಗಳಲ್ಲಿ ಇನ್ನೊಂದು ಬಗೆ ಸಿಗುತ್ತದೆ. ಶಾಫ್ಟಿನ ತುದಿಯಲ್ಲಿ ಮೂರು ಹಿತ್ತಾಳೆ ಉಂಗುರ, ಅವುಗಳ ಮೇಲೆ ಕಾರ್ಬನ್ ಬ್ರಷ್ ಇದ್ದರೆ ಅದು ಸ್ಲಿಪ್‌ರಿಂಗ್ ಮೋಟಾರು. ಅದರ ಸ್ಟಾರ್ಟರಿನಲ್ಲಿ ರೋಟರಿಗೆ ಸೇರುವ ರೆಸಿಸ್ಟೆನ್ಸ್ ಪೆಟ್ಟಿಗೆ ಇರುತ್ತದೆ. ಅದನ್ನು ತೆಗೆದು ಉಂಗುರಗಳನ್ನು ಕೂಡಿಸಿ ಡಿಒಎಲ್ ಹಾಕಿಸುವ ಸಲಹೆಯನ್ನು ಒಪ್ಪಬೇಡಿ. ಕರೆಂಟು ವಿಪರೀತ ಎಳೆಯುತ್ತದೆ, ಭಾರ ಹೊತ್ತು ಏಳುವ ಬಲವೂ ಹೋಗುತ್ತದೆ.

ಹಳೆಯ ವೈರುಗಳ ವಿಷಯ ಮರೆಯುವಂತಿಲ್ಲ. ರಬ್ಬರ್ ಇನ್ಸುಲೇಶನ್, ಅದರ ಮೇಲೆ ಹತ್ತಿಯ ನೇಯ್ಗೆ ಇರುವ ವೈರುಗಳನ್ನು ಕದಲಿಸದಿದ್ದರೆ ಹಾಗೇ ಇರುತ್ತವೆ. ಹೊಸ ಸ್ಟಾರ್ಟರಿಗೆಂದು ಬಗ್ಗಿಸಿದಾಗ ಪುಡಿಪುಡಿಯಾಗಿ ಉದುರುತ್ತವೆ. ಸ್ಟಾರ್ಟರಿನ ಖರ್ಚಿನ ಜೊತೆ ಮೋಟಾರಿನವರೆಗಿನ ವೈರಿನ ಖರ್ಚನ್ನೂ ಸೇರಿಸಿಯೇ ಹೊರಡುವುದು ವಾಸಿ. ಬಿಚ್ಚುವ ಮೊದಲು ಪ್ರತಿ ವೈರಿಗೂ ಚೀಟಿ ಅಂಟಿಸಿ, ಎರಡೂ ತುದಿಯ ಗುರುತನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು. ಅರವತ್ತರ, ಎಪ್ಪತ್ತರ ದಶಕದ ಮೋಟಾರುಗಳಲ್ಲಿ ಯು, ವಿ, ಡಬ್ಲ್ಯು ಮತ್ತು ಎಕ್ಸ್, ವೈ, ಝಡ್ ಎಂಬ ಗುರುತೋ, ಎ, ಬಿ, ಸಿ ಜೊತೆಗೆ 1 ಮತ್ತು 2 ಎಂಬ ಗುರುತೋ ಇರುತ್ತದೆ. ಹೊಸ ಸ್ಟಾರ್ಟರಿನ ನಕ್ಷೆಯಲ್ಲಿ ಯು1, ವಿ1, ಡಬ್ಲ್ಯು1, ಯು2, ವಿ2, ಡಬ್ಲ್ಯು2 ಎಂದಿರುತ್ತದೆ. ಹಳೆಯ ಎಕ್ಸ್ ಎಂದರೆ ಹೊಸ ಯು2, ವೈ ಎಂದರೆ ವಿ2, ಝಡ್ ಎಂದರೆ ಡಬ್ಲ್ಯು2.

ಹೊಸ ಸ್ಟಾರ್ಟರಿನ ಮೊದಲ ಓಟ

ಡಿಒಎಲ್‌ನಲ್ಲಿ ರಿಲೇಯನ್ನು ಫಲಕದ ಆಂಪಿಯರಿಗೆ ಇಡಬೇಕು. ಸ್ಟಾರ್-ಡೆಲ್ಟಾದಲ್ಲಿ ರಿಲೇ ಬಹುಪಾಲು ವೈಂಡಿಂಗಿನ ಫೇಸಿನಲ್ಲಿ ಕೂತಿರುವುದರಿಂದ ಅಲ್ಲಿ ಹರಿಯುವುದು ಲೈನ್ ಕರೆಂಟಿನ 0.58 ಪಾಲು ಮಾತ್ರ, 14.5 ಆಂಪಿಯರಿನ 10 ಎಚ್.ಪಿ. ಮೋಟಾರಿಗೆ ಸೆಟ್ಟಿಂಗ್ ಸುಮಾರು 8.4. ಇದನ್ನು ತಿಳಿಯದೆ 14.5ಕ್ಕೆ ಇಟ್ಟ ರಿಲೇ ಇದ್ದೂ ಇಲ್ಲದಂತೆ. ರಿಲೇಯ ನಂತರ ಕೆಪ್ಯಾಸಿಟರ್ ಜೋಡಿಸಿದ್ದರೆ ರಿಲೇಯಲ್ಲಿ ಹರಿಯುವ ಕರೆಂಟು ಇನ್ನೂ ಕಡಿಮೆಯಾಗುತ್ತದೆ, ಸೆಟ್ಟಿಂಗನ್ನೂ ಅದಕ್ಕೆ ತಕ್ಕಂತೆ ಅಳೆದು ಇಳಿಸಬೇಕು.

ಮೊದಲು ಮೋಟಾರಿನ ವೈರು ಜೋಡಿಸದೆ ಸ್ಟಾರ್ಟರನ್ನು ಮಾತ್ರ ಹಿಡಿಸಿ ಬಿಡಿಸಿ ನೋಡಿ. ಆಮೇಲೆ ಮೋಟಾರು ಜೋಡಿಸಿ ಕ್ಷಣಕಾಲ ಓಡಿಸಿ ದಿಕ್ಕು ಗಮನಿಸಿ. ಪಂಪಿನ ಮೈಮೇಲೆ ಬಾಣದ ಗುರುತಿರುತ್ತದೆ. ಉಲ್ಟಾ ತಿರುಗಿದರೆ ಒಳಬರುವ ಲೈನಿನ ಯಾವುದಾದರೂ ಎರಡು ಫೇಸನ್ನು ಅದಲುಬದಲು ಮಾಡಿ, ಮೋಟಾರಿನ ಕಡೆಯ ಆರು ವೈರುಗಳನ್ನು ಮುಟ್ಟಬೇಡಿ. ದಿಕ್ಕು ಸರಿಯಾದ ಮೇಲೆ, ಪಂಪಿಗೆ ನೀರು ತುಂಬಿ ಓಡಿಸಿ, ಮೂರೂ ಫೇಸಿನ ಕರೆಂಟು ಅಳೆದು ಸ್ಟಾರ್ಟರಿನ ಮುಚ್ಚಳದ ಒಳಬದಿಗೆ ದಿನಾಂಕದೊಂದಿಗೆ ಬರೆದು ಅಂಟಿಸಿ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಮೇನ್ ತೆಗೆದು, ಎಲ್ಲ ಟರ್ಮಿನಲ್ ಸ್ಕ್ರೂಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ಹೊಸ ತಾಮ್ರದ ವೈರು ಮೊದಲ ಬಿಸಿಗೆ ಸ್ವಲ್ಪ ಒತ್ತಿಕೊಂಡು ಸ್ಕ್ರೂ ಸಡಿಲವಾಗಿರುತ್ತದೆ.